ರೊಟ್ಟಿಯ ಮೇಲೆ ಬರೆದ ಹೆಸರು

ಶೇಖರಪ್ಪನವರು ನನ್ನನ್ನು ಕೇಳಿದ ಮೊಟ್ಟಮೊದಲ ಪ್ರಶ್ನೆ ಪಾಯಿಖಾನೆಗೆ ಸಂಬಂಧಿಸಿದ್ದು. ಆಗ ನನ್ನ ಕೈಯಲ್ಲಿ ಹೋಳಿಗೆ ಇತ್ತು.

"ಅಕ್ಕಾರ, ನೀವು ಡಾಕ್ಟರು ಅದೀರಿ, ನಿಮಗ ಗೊತ್ತಿರತೈತಿ," ಎನ್ನುತ್ತಾ ಕುರ್ಚಿ ಎಳೆದುಕೊಂಡು ಎದುರಿಗೇ ಕೂತರು. "ಆ ರೋಮನ್ ಮಂದಿ ಕಲ್ಲಿನ ಕಟ್ಟಿ ಮ್ಯಾಲ ಸಾಲಾಗಿ ಕುಂದರ್ತಿದ್ರಂತ. ಇಪ್ಪತ್ತು ಮಂದಿ ಒಮ್ಮೆಲೆ, ನಡುವ ಗ್ವಾಡಿ ಇಲ್ಲ, ಪರದೆ ಇಲ್ಲ. ಅದೂ ಹೋಗ್ಲಿ. ಒಂದು ಕೋಲಿನ ತುದಿಗೆ ಸ್ಪಂಜು, ಎಲ್ಲಾರಿಗೂ ಅದ! ಅಷ್ಟು ದೂರದಿಂದ ಕಾಲುವಿ ಕಟ್ಟಿ ಊರಿಗೆ ನೀರು ತಂದ ಮಂದಿಗೆ, ಕೈಯಾಗ ಒಂದು ತಂಬಿಗಿ ಹಿಡಕೊಂಡು ಹೋಗಬೇಕು ಅನ್ನೋದು ಹೊಳೀಲಿಲ್ಲೇನ್ರಿ?"

ಹೋಳಿಗೆಯನ್ನು ತಟ್ಟೆಗೆ ವಾಪಸ್ಸು ಇಟ್ಟೆ. ಮೈಸೂರಿನ ಮೆಡಿಕಲ್ ಕಾಲೇಜಿನಲ್ಲಿ ಇದನ್ನು ನನಗೆ ಯಾರೂ ಕಲಿಸಿರಲಿಲ್ಲ. "ಗೊತ್ತಿಲ್ಲ ಶೇಖರಪ್ಪನವರೇ," ಎಂದೆ. ಅವರು ಪಾಪ ಅನ್ನುವಂತೆ ನನ್ನ ಮುಖ ನೋಡಿ, ಪಕ್ಕದ ಟೇಬಲ್ಲಿನಲ್ಲಿದ್ದ ಇನ್ನೊಬ್ಬ ಡಾಕ್ಟರನ್ನು ಹುಡುಕಿಕೊಂಡು ಹೋದರು.

ಇದು ತೊಂಬತ್ತೇಳರ ಯುಗಾದಿಯ ಮಾತು. ಲಂಡನ್ನಿನ ದಕ್ಷಿಣ ತುದಿಯ ಸಟನ್ನಿನಲ್ಲಿ, ಒಂದು ಚರ್ಚ್ ಹಾಲಿನಲ್ಲಿ ತಿಂಗಳ ಕೊನೆಯ ಭಾನುವಾರ ನಮ್ಮ ಕನ್ನಡ ಕೂಟ ಸೇರುತ್ತಿತ್ತು. ನಾವು ಉತ್ತರದ ಸ್ಟ್ಯಾನ್ಮೋರಿನಿಂದ ಲಂಡನ್ನಿನ ಅರ್ಧ ಸುತ್ತು ಕಾರು ಓಡಿಸಿಕೊಂಡು ಹೋಗುತ್ತಿದ್ದೆವು. ನನ್ನ ಗಂಡ ರಾಮಪ್ರಸಾದ್ ದಾರಿಯುದ್ದಕ್ಕೂ ಟ್ರಾಫಿಕ್ಕಿಗೆ ಬಯ್ಯುತ್ತಿದ್ದರು. ನಾನು ಕಿಟಕಿಯಾಚೆ ನೋಡುತ್ತಿದ್ದೆ. ಮೂವತ್ತು ವರ್ಷ ಸಂಸಾರ ಮಾಡಿದವರಿಗೆ ಅದು ಸಾಕಾದಷ್ಟು ಸಂಭಾಷಣೆ.

ಶೇಖರಪ್ಪನವರು ವಿಜಾಪುರದ ಕಡೆಯವರು. ಧಾರವಾಡದ ಡಾಕ್ಟರೊಬ್ಬರ ಕುಟುಂಬದ ಜೊತೆ ಅಡುಗೆಗೆಂದು ಲಂಡನ್ನಿಗೆ ಬಂದವರು, ಆ ಕುಟುಂಬ ಊರಿಗೆ ಮರಳಿದಾಗ ಇಲ್ಲೇ ಉಳಿದು ಒಂದು ಆಸ್ಪತ್ರೆಯಲ್ಲಿ ಪೋರ್ಟರ್ ಆದರು. ವಾರ್ಡಿನಿಂದ ಎಕ್ಸ್‌ರೇಗೆ, ಎಕ್ಸ್‌ರೇಯಿಂದ ಥಿಯೇಟರಿಗೆ ರೋಗಿಗಳನ್ನು ತಳ್ಳಿಕೊಂಡು ಹೋಗುವ ಕೆಲಸ. ಎಂಬತ್ತೊಂಬತ್ತರಲ್ಲಿ ಹೆಂಡತಿ ನಾಗವ್ವನವರನ್ನೂ ಪುಟ್ಟ ಮಗಳು ಸ್ಫೂರ್ತಿಯನ್ನೂ ಕರೆಸಿಕೊಂಡರು. ಸಟನ್ನಿನಲ್ಲೇ ಊರಾಡಳಿತದ ಕೌನ್ಸಿಲ್ ಕೊಟ್ಟ ಫ್ಲಾಟು, ಮೂರನೆಯ ಮಹಡಿ, ಲಿಫ್ಟು ಕೆಟ್ಟಿದ್ದೇ ಹೆಚ್ಚು.

ಪ್ರಶ್ನೆಯ ರೋಗ ಹತ್ತಿದ್ದು ಒಂದು ತಪ್ಪು ಬಾಗಿಲಿನಿಂದ. ಇಂಗ್ಲಿಷ್ ಮಾತು ಸುಧಾರಿಸಲೆಂದು ಕೌನ್ಸಿಲ್ಲಿನ ಸಂಜೆ ತರಗತಿಗೆ ಹೆಸರು ಕೊಟ್ಟಿದ್ದರು. ಮೊದಲ ಮಂಗಳವಾರ ಎರಡನೆಯ ಕೋಣೆಗೆ ಹೋಗುವ ಬದಲು ಮೂರನೆಯದಕ್ಕೆ ಹೋದರು. ಅಲ್ಲಿ ಬಿಳಿಗೂದಲಿನ ಮೇಡಮ್ ಒಬ್ಬರು ಹಳೆಯ ಕಾಲದ ಯುರೋಪಿನ ಜನ ಏನು ತಿಂದರು, ಏನು ಉಟ್ಟರು, ಹೇಗೆ ಆಳಿದರು ಎಂದು ಪಾಠ ಮಾಡುತ್ತಿದ್ದರು. ಇವರು ಹಿಂದಿನ ಬೆಂಚಿನಲ್ಲಿ ಕೂತು ಕೇಳಿದರು. ತಪ್ಪು ಕೋಣೆ ಎಂದು ಗೊತ್ತಾದಾಗ ಗಂಟೆ ಮುಗಿದಿತ್ತು. ಮುಂದಿನ ಮಂಗಳವಾರ ಗೊತ್ತಿದ್ದೇ ಅಲ್ಲಿಗೆ ಹೋದರು. ಆಮೇಲೆ ವರ್ಷಗಟ್ಟಲೆ ಬಿಡದೆ ಹೋದರು. ಇಂಗ್ಲಿಷೂ ಸುಧಾರಿಸಿತು ಅನ್ನಿ. ಆದರೆ ಅದರಲ್ಲಿ ಕೋಟೆ, ಕಂದಕ, ಗುಲಾಮರ ವಿಷಯವೇ ತುಂಬಿ, ಅಂಗಡಿಯಲ್ಲಿ ಹಾಲು ಕೇಳಲು ಬೇಕಾದ ಶಬ್ದಗಳು ಮಾತ್ರ ಬಾರದೇ ಉಳಿದವು.

ಕಲಿತದ್ದನ್ನು ಹೊಟ್ಟೆಯೊಳಗೆ ಇಟ್ಟುಕೊಳ್ಳುವ ಜಾಯಮಾನ ಅವರದಲ್ಲ. ಟ್ರಾಲಿಯ ಮೇಲೆ ಮಲಗಿ ಆಪರೇಷನ್ನಿಗೆ ಹೊರಟ ಮುದುಕರನ್ನೂ ಬಿಡುತ್ತಿರಲಿಲ್ಲ. ವೆನಿಸ್ ಪಟ್ಟಣದ ದೊರೆ ರಾಜ್ಯಕ್ಕೆ ಬಂದ ಕಾಗದವನ್ನು ಒಬ್ಬನೇ ಒಡೆಯುವಂತಿರಲಿಲ್ಲವಂತೆ, ಹಾಗಾದರೆ ಹೆಂಡತಿ ತವರಿನಿಂದ ಬರೆದ ಕಾಗದವನ್ನೂ ಮಂತ್ರಿಗಳ ಮುಂದೆಯೇ ಓದಬೇಕಿತ್ತೇ? ಫ್ರಾನ್ಸಿನಲ್ಲಿ ತಪ್ಪು ಮಾಡಿದ ಹಂದಿಯನ್ನು ಕೋರ್ಟಿಗೆ ಎಳೆದು ವಿಚಾರಣೆ ಮಾಡುತ್ತಿದ್ದರಂತೆ, ಹಂದಿಯ ಹೇಳಿಕೆ ಬರೆದುಕೊಂಡವರು ಯಾರು? ಮುದುಕರು ಅರವಳಿಕೆಯ ಸೂಜಿ ಚುಚ್ಚುವವರೆಗೂ ಹಂದಿಯನ್ನೇ ಯೋಚಿಸುತ್ತಿದ್ದರಂತೆ. ಎಷ್ಟೋ ಜನ ಎಚ್ಚರವಾದ ಮೇಲೆ ಆ ಪೋರ್ಟರ್ ಎಲ್ಲಿ ಎಂದು ಕೇಳಿದ್ದುಂಟು.

ಕೂಟದಲ್ಲಿ ಅವರಿಗೆ ಅಷ್ಟು ಬೆಲೆ ಇರಲಿಲ್ಲ. ಒಂದು ಸಲವಂತೂ ಎಲ್ಲರ ಬಾಯಿಗೆ ಬಿದ್ದರು. ಅಥೆನ್ಸ್‌ನಲ್ಲಿ ಸಭೆಗೆ ಬಾರದೆ ಪೇಟೆಯಲ್ಲಿ ಹರಟುತ್ತಾ ನಿಂತವರನ್ನು ಕೆಂಪು ಬಣ್ಣದಲ್ಲಿ ಅದ್ದಿದ ಹಗ್ಗದಿಂದ ಬಳಸಿ ಸಭೆಗೆ ಹೊಡೆದುಕೊಂಡು ಬರುತ್ತಿದ್ದರಂತೆ. ಇವರು ಬಟ್ಟೆ ಒಣಹಾಕುವ ಹಗ್ಗವನ್ನು ಕುಂಕುಮದ ನೀರಿನಲ್ಲಿ ಅದ್ದಿಕೊಂಡು ಕಾರ್ ಪಾರ್ಕಿಗೆ ಬಂದೇಬಿಟ್ಟರು. ಸಭೆ ಹೊತ್ತಿಗೆ ಸರಿಯಾಗಿ ಶುರುವಾದದ್ದು ಆವತ್ತೊಂದೇ ದಿನ. ಹೊರಗೆ ಹರಟುತ್ತಾ ನಿಂತಿದ್ದ ದಾನಪ್ಪನವರ ಬಿಳಿ ಶರ್ಟಿನ ಮೇಲೆ ಅಡ್ಡಡ್ಡ ಗೀರು ಬಿದ್ದು, ಆ ಮನುಷ್ಯ ತಿಂಗಳುಗಟ್ಟಲೆ ಅದನ್ನೇ ಹೇಳಿಕೊಂಡು ತಿರುಗಿದರು.

ಅಷ್ಟಾದರೂ ಹಾಲಿನ ಬೀಗದ ಕೈ ಇರುತ್ತಿದ್ದದ್ದು ಶೇಖರಪ್ಪನವರ ಹತ್ತಿರವೇ. ಕುರ್ಚಿ ಹಾಕುವವರು, ಕೊನೆಗೆ ಕಸ ಗುಡಿಸುವವರು ಅವರೇ. ನಾಗವ್ವನವರು ಬೆಳಗ್ಗೆ ಎಂಟಕ್ಕೇ ಅಡುಗೆಕೋಣೆ ಸೇರಿದರೆ ಕೊನೆಯ ಪಾತ್ರೆ ತೊಳೆದೇ ಹೊರಗೆ ಬರುತ್ತಿದ್ದರು. ಅವರ ಕಟಕ ರೊಟ್ಟಿ ಅಂದರೆ ಬಾಯಲ್ಲಿ ಇಟ್ಟರೆ ಹಪ್ಪಳದ ಹಾಗೆ ಮುರಿಯಬೇಕು, ಒಂದು ತಿಂಗಳು ಇಟ್ಟರೂ ಮೆತ್ತಗಾಗಬಾರದು. ಆ ಅಮ್ಮನನ್ನು ನಾವು ಯಾರೂ ಏನೂ ಕೇಳುತ್ತಿರಲಿಲ್ಲ, ರೊಟ್ಟಿ ಇನ್ನೂ ಇದೆಯಾ ಅನ್ನುವುದೊಂದನ್ನು ಬಿಟ್ಟು.

ಎರಡು ಸಾವಿರದ ಇಸವಿಯಲ್ಲಿ ಕೂಟ ಒಡೆಯುವ ಹಂತಕ್ಕೆ ಬಂತು. ಒಂದು ಕಡೆ ನನ್ನ ಗಂಡ, ಸರ್ಜನ್. ಸ್ಟ್ಯಾನ್ಮೋರಿನಲ್ಲಿ ಒಳ್ಳೆಯ ಹಾಲ್ ಇದೆ, ಕಾರ್ ಪಾರ್ಕ್ ಇದೆ, ಕೂಟ ಅಲ್ಲಿಗೆ ಬರಬೇಕು ಎನ್ನುವುದು ಅವರ ಹಟ. ಇನ್ನೊಂದು ಕಡೆ ವೀರಭದ್ರ, ಧಾರವಾಡದವರು, ಲಂಡನ್ನಿನ ಪಶ್ಚಿಮ ತುದಿಯ ಅಕ್ಸ್‌ಬ್ರಿಡ್ಜಿನ ಒಂದು ಆಫೀಸಿನಲ್ಲಿ ಮ್ಯಾನೇಜರ್. ಹೋಗುವುದಾದರೆ ಅಕ್ಸ್‌ಬ್ರಿಡ್ಜಿಗೇ ಹೋಗೋಣ ಎನ್ನುವುದು ಅವರದು. ಇಬ್ಬರೂ ಎಂಟು ತಿಂಗಳಿನಿಂದ ಮಾತು ಬಿಟ್ಟಿದ್ದರು. ಒಬ್ಬರಿಗೆ ಹೇಳಬೇಕಾದ್ದನ್ನು ಇನ್ನೊಬ್ಬರು, "ವೈದೇಹಿ, ಅವರಿಗೆ ಹೇಳು" ಎಂದು ನನ್ನ ಮೂಲಕ ಹೇಳಿಸುತ್ತಿದ್ದರು. ನಾನು ಕೂಟದ ಕಾರ್ಯದರ್ಶಿ. ಎರಡು ಕೂಟಗಳಾಗುವುದು ಖಚಿತ ಎಂದು ನನಗೂ ಅನಿಸಿಬಿಟ್ಟಿತ್ತು.

ಶೇಖರಪ್ಪನವರ ನಿದ್ದೆ ಹಾರಿಹೋಯಿತು. "ಅಕ್ಕಾರ, ಎಲ್ಲಿಗೆ ಹೋದರೂ ಸಟನ್ನಿಂದ ಎರಡು ತಾಸಿನ ದಾರಿ," ಎಂದು ಫೋನು ಮಾಡಿದರು. "ನನ್ನ ಚಿಂತಿ ಅಲ್ರಿ. ನನಗ ಆಸ್ಪತ್ರಿ ಐತಿ, ಕ್ಲಾಸ್ ಐತಿ, ಮಾತಾಡಾಕ ಮಂದಿ ಅದಾರ. ನಮ್ಮಾಕಿಗೆ ಇಂಗ್ಲಿಷ್ ಬರಂಗಿಲ್ಲ. ಮಗಳ ಕೂಡ ಮಾತಾಡಿದ್ರ ಅದು ಇಂಗ್ಲಿಷಿನ್ಯಾಗ ಹೊಳ್ಳಿ ಹೇಳತೈತಿ. ತಿಂಗಳಿಗೊಮ್ಮೆ ಆ ಹಾಲಿನ್ಯಾಗ ನಾಕು ಮಂದಿ ಕೂಡ ನಗ್ತಾಳ. ಅದೂ ತಪ್ಪಿದ್ರ ಆಕಿ ಏನು ಮಾಡ್ಬೇಕ್ರಿ?" ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯದೆ ಫೋನು ಇಟ್ಟದ್ದು ಅದೇ ಮೊದಲು.

ಮುಂದಿನ ಸಭೆಗೆ ಅವರು ಉಪಾಯ ಹುಡುಕಿಕೊಂಡೇ ಬಂದರು. ಅಥೆನ್ಸ್‌ನಲ್ಲಿ ಇಬ್ಬರು ದೊಡ್ಡವರು ಊರನ್ನು ಹರಿದು ತಿನ್ನುವಂತಾದರೆ ಜನರೆಲ್ಲ ಸೇರಿ ಒಡೆದ ಮಡಕೆಯ ಚೂರಿನ ಮೇಲೆ ಒಬ್ಬನ ಹೆಸರು ಗೀಚುತ್ತಿದ್ದರಂತೆ. ಹೆಚ್ಚು ಚೂರು ಬಿದ್ದವನು ಹತ್ತು ವರ್ಷ ಊರು ಬಿಡಬೇಕು. ಅಪಮಾನವಿಲ್ಲ, ಅವನ ಮನೆ ಆಸ್ತಿ ಯಾರೂ ಮುಟ್ಟುವುದಿಲ್ಲ. "ನಾವು ಒಂದು ವರ್ಷ ಮಾಡೂಣು. ಇಬ್ಬರಾಗ ಒಬ್ಬರು ಒಂದು ವರ್ಷ ಕೂಟಕ್ಕ ಬರೂದು ಬ್ಯಾಡ. ಉಳಿದವರ ಸಿಟ್ಟು ತಾನಾಗೇ ಇಳೀತೈತಿ," ಎಂದರು. ನನ್ನ ಗಂಡ, ವೀರಭದ್ರ ಇಬ್ಬರೂ ತಕ್ಷಣ ಒಪ್ಪಿದರು. ಹೋಗುವವನು ಇನ್ನೊಬ್ಬನೇ ಎನ್ನುವುದರಲ್ಲಿ ಇಬ್ಬರಿಗೂ ಅನುಮಾನವಿರಲಿಲ್ಲ.

ಶೇಖರಪ್ಪನವರು ಚೀಲದಿಂದ ಗಾರ್ಡನ್ ಸೆಂಟರಿನ ಎರಡು ಮಣ್ಣಿನ ಕುಂಡ ತೆಗೆದು ನೆಲದ ಮೇಲಿಟ್ಟು ಸುತ್ತಿಗೆ ಎತ್ತಿದರು. ಹಿಂದಿನ ಸಾಲಿನಿಂದ ಕಾಮಾಕ್ಷಿಯಮ್ಮ ಕಿಟಾರನೆ ಕೂಗಿದರು.

"ಅಯ್ಯೋ, ನಿಲ್ಲಿಸಿ! ನಾಲ್ಕು ಜನ ಕೂತಿರೋ ಕಡೆ ಮಡಕೆ ಒಡೀತಾರೇನ್ರೀ? ನಮ್ಮಲ್ಲಿ ಮಡಕೆ ಒಡೆಯೋದು ಯಾವಾಗ ಅಂತ ಗೊತ್ತಿಲ್ವಾ? ನನ್ನ ಮಗಳ ಮದುವೆ ಇದೆ ಮುಂದಿನ ತಿಂಗಳು!"

ಸುತ್ತಿಗೆ ಮೇಲೆಯೇ ನಿಂತಿತು. ರೋಮ್, ಅಥೆನ್ಸ್, ವೆನಿಸ್ ಎಲ್ಲ ಓದಿದ ಮನುಷ್ಯನಿಗೆ ತನ್ನ ಊರಿನ ಹೆಣದ ಮುಂದಿನ ಗಡಿಗೆ ಮರೆತೇಹೋಗಿತ್ತು. ಅವರು ಪೆಚ್ಚಾಗಿ ನಿಂತಿದ್ದಾಗ ಅಡುಗೆಕೋಣೆಯ ಬಾಗಿಲು ತೆರೆಯಿತು. ನಾಗವ್ವನವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಟಕ ರೊಟ್ಟಿಯ ದೊಡ್ಡ ಅಟ್ಟಿಯನ್ನೇ ಹೊತ್ತು ತಂದು ಮೇಜಿನ ಮೇಲಿಟ್ಟರು.

"ಮುರಿಯೂದಿದ್ರ ಇದನ್ನ ಮುರೀರಿ. ಇದಕ್ಕ ದೋಷ ಇಲ್ಲ," ಎಂದು ಹೇಳಿ ಒಳಗೆ ಹೋದರು. ಆ ಅಮ್ಮ ಸಭೆಯಲ್ಲಿ ಬಾಯಿ ಬಿಟ್ಟದ್ದನ್ನು ನಾವು ಕೇಳಿದ್ದು ಅವತ್ತೇ.

ಮಕ್ಕಳ ಕನ್ನಡ ಕ್ಲಾಸಿನ ಸ್ಕೆಚ್ ಪೆನ್ನುಗಳು ಬಂದವು. ನಲವತ್ಮೂರು ಜನಕ್ಕೆ ನಲವತ್ಮೂರು ತುಂಡು. ಅಥೆನ್ಸಿನಲ್ಲಿ ಇಂಥವರದೇ ಹೆಸರು ಬರೆಯಬೇಕೆಂಬ ಕಟ್ಟುಪಾಡು ಇರಲಿಲ್ಲವಂತೆ, ನಮಗೂ ಇರಲಿಲ್ಲ. ಬರೆಯಲು ಬಾರದವರಿಗೆ ಕಾರ್ಯದರ್ಶಿ ಬರೆದುಕೊಡಬಹುದು, ಆದರೆ ಹೆಸರನ್ನು ಅವರೇ ಬಾಯಿಬಿಟ್ಟು ಹೇಳಬೇಕು ಎಂಬ ನಿಯಮವನ್ನು ಶೇಖರಪ್ಪನವರೇ ಮಾಡಿದರು. ಅಥೆನ್ಸ್‌ನಲ್ಲಿ ನಾಲ್ಕಾರು ಜನ ಕೂತು ನೂರಾರು ಚೂರು ಬರೆದು ಹಂಚಿದ್ದರಂತೆ. ಅಂಥ ಮೋಸ ನಮ್ಮಲ್ಲಿ ಆಗಕೂಡದು.

ನಾನು ನನ್ನ ತುಂಡನ್ನು ಬರೆದು ಪಾತ್ರೆಗೆ ಹಾಕಿ ಅಡುಗೆಕೋಣೆಗೆ ಹೋದೆ. ನಾಗವ್ವನವರಿಗೆ ಅಕ್ಷರ ಬಾರದು. ಕೈ ಒರೆಸಿಕೊಂಡು ತಮ್ಮ ತುಂಡನ್ನು ನನ್ನ ಕೈಗಿತ್ತರು.

"ಯಾರ ಹೆಸರು ಬರೀಲಿ? ನಮ್ಮೆಜಮಾನರದ್ದೇ ಆದರೂ ಸಂಕೋಚ ಬೇಡ," ಎಂದೆ.

"ಅವರದಲ್ರಿ. ಸ್ಫೂರ್ತಿ ಅಪ್ಪಂದು."

ನನಗೆ ಅರ್ಥವಾಗಲಿಲ್ಲ ಅಂತಲ್ಲ, ನಂಬಿಕೆಯಾಗಲಿಲ್ಲ. "ನಾಗವ್ವ, ಹೆಸರು ಹೇಳದೆ ಬರೆಯೋ ಹಾಗಿಲ್ಲ. ನಿಯಮ ಅವರೇ ಮಾಡಿದ್ದು," ಎಂದೆ. ಗಂಡನ ಹೆಸರನ್ನು ಬಾಯಲ್ಲಿ ಹೇಳದ ಹೆಂಗಸು, ಹೇಗೂ ಹೇಳಲಾರಳು, ಇಲ್ಲಿಗೆ ಬಿಟ್ಟುಬಿಡುತ್ತಾಳೆ ಎಂದು ನನ್ನ ಲೆಕ್ಕ.

ನಾಗವ್ವನವರು ಒಂದು ಕ್ಷಣ ಸಿಂಕಿನ ಕಡೆ ನೋಡಿದರು. ಆಮೇಲೆ ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ಅವರ ಕಡೆ ಹೊಸ ಮದುಮಗಳು ಹೊಸ್ತಿಲಲ್ಲಿ ನಿಂತು ಗಂಡನ ಹೆಸರನ್ನು ಒಡಪಿನಲ್ಲಿ ಕಟ್ಟಿ ಹೇಳುತ್ತಾಳಲ್ಲ, ಹಾಗೆ ರಾಗವಾಗಿ ಹೇಳಿದರು:

"ಸಜ್ಜಿ ರೊಟ್ಟಿಗಿ ಎಳ್ಳ ಹಚ್ಚಿ, ಬಿಸಿ ರೊಟ್ಟಿಗಿ ಬೆಣ್ಣಿ ಹಚ್ಚಿ,
ಶೇಖರಪ್ಪನವರ ಹೆಸರ ಹೇಳ್ತೀನಿ ಮನಸ ಬಿಚ್ಚಿ."

ಹೇಳಿ ನಾಚಿಕೊಂಡು ಬಾಯಿಗೆ ಸೆರಗು ಅಡ್ಡ ಹಿಡಿದರು. "ಯಾರಿಗೂ ಹೇಳಬ್ಯಾಡ್ರಿ ಅಕ್ಕಾರ," ಎಂದರು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ನಿಯಮ ನಿಯಮವೇ. ನಾನು ಬರೆದೆ.

ಎಣಿಕೆಗೆ ಕೂತಾಗ ನಲವತ್ತೆರಡೇ ತುಂಡು ಬಂದವು. ಒಂದು ಮತ ಎಲ್ಲಿ ಹೋಯಿತೆಂದು ಗಲಾಟೆ ಎದ್ದಿತು. ಕೊನೆಗೆ ದಾನಪ್ಪನವರು ತಲೆ ತಗ್ಗಿಸಿ, "ನನ್ನದು ನಾ ತಿಂದೆ ಅನಸ್ತೈತ್ರಿ. ಶೇಂಗಾ ಚಟ್ನಿ ಬಾಜೂಕ ಇತ್ತು," ಎಂದು ಒಪ್ಪಿಕೊಂಡರು. ಉಳಿದದ್ದನ್ನು ಎಣಿಸಿದೆವು. ರಾಮಪ್ರಸಾದ್ ಹದಿಮೂರು. ವೀರಭದ್ರ ಹದಿನಾಲ್ಕು. ಶೇಖರಪ್ಪ ಹದಿನೈದು.

ಆ ಹದಿನೈದರಲ್ಲಿ ಹದಿನಾಲ್ಕು ಹೇಗೆ ಬಂದವು ಎನ್ನುವುದು ಕಷ್ಟದ ಲೆಕ್ಕವಲ್ಲ. ಸರ್ಜನ್ನನ್ನು ಎದುರು ಹಾಕಿಕೊಳ್ಳಲು ಕೆಲವರಿಗೆ ಭಯ, ಮ್ಯಾನೇಜರನ್ನು ಎದುರು ಹಾಕಿಕೊಳ್ಳಲು ಕೆಲವರಿಗೆ ಭಯ. ಪೋರ್ಟರನ್ನು ಎದುರು ಹಾಕಿಕೊಂಡರೆ ಯಾರಿಗೂ ಏನೂ ಆಗುವುದಿಲ್ಲ. ಹದಿನೈದನೆಯದು ಯಾರದೆಂದು ನನಗೊಬ್ಬಳಿಗೇ ಗೊತ್ತಿತ್ತು. ಅದಿಲ್ಲದಿದ್ದರೆ ಸರಿಸಮ ಆಗುತ್ತಿತ್ತು.

ಶೇಖರಪ್ಪನವರು ನಗಲು ಪ್ರಯತ್ನಿಸಿದರು. "ಅಥೆನ್ಸಿನ್ಯಾಗೂ ಒಮ್ಮೆ ಇಬ್ಬರು ದೊಡ್ಡವರ ಜಗಳದಾಗ ಮೂರನೇ ಮನುಷ್ಯಾನೇ ಊರು ಬಿಟ್ಟನಂತ್ರಿ," ಎಂದರು. ತಮ್ಮ ಹೆಸರಿದ್ದ ಹದಿನೈದು ತುಂಡುಗಳನ್ನು ನೆನಪಿಗೆಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಕೊಂಡರು. ಬೀಗದ ಕೈಯನ್ನು ನನ್ನ ಮುಂದಿಟ್ಟು, ನಾಗವ್ವನವರನ್ನು ಕರೆದುಕೊಂಡು ಬಸ್ ಸ್ಟಾಪಿನ ಕಡೆ ನಡೆದರು. ಆ ಬೆನ್ನು ನೋಡಿ ತಪ್ಪು ಮಾಡಿದೆವು ಅನಿಸಿತು, ಆದರೆ ಯಾವುದು ತಪ್ಪು ಎಂದು ಬಿಡಿಸಿ ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ಮುಂದಿನ ತಿಂಗಳ ಕಥೆ ಹೇಳಬೇಕು. ಬೀಗದ ಕೈಯನ್ನು ನಾನು ಸ್ಟ್ಯಾನ್ಮೋರಿನಲ್ಲೇ ಮರೆತು ಬಂದಿದ್ದೆ. ನಲವತ್ತು ಜನ ಮಳೆಯಲ್ಲಿ ನಿಂತೆವು. ಚರ್ಚಿನವರನ್ನು ಹುಡುಕಲು ನನ್ನ ಗಂಡ, ವೀರಭದ್ರ ಒಂದೇ ಛತ್ರಿಯಡಿಯಲ್ಲಿ ಹೋಗಬೇಕಾಯಿತು. ಒಳಗೆ ಹೋದರೆ ಕುರ್ಚಿ ಯಾವ ಕೋಣೆಯಲ್ಲಿವೆ, ನೀರು ಕಾಯಿಸುವ ಬಾಯ್ಲರಿನ ಸ್ವಿಚ್ಚು ಎಲ್ಲಿದೆ, ಯಾರಿಗೂ ಗೊತ್ತಿಲ್ಲ. ನಾಗವ್ವನವರು ಬಂದಿರಲಿಲ್ಲ. ರೊಟ್ಟಿ ಇರಲಿಲ್ಲ. ಸರ್ಜನ್ನು ಒಂದು ತುದಿ, ಮ್ಯಾನೇಜರು ಒಂದು ತುದಿ ಹಿಡಿದು ಟೇಬಲ್ ಹೊತ್ತರು.

"ರಾಯರ, ಸ್ವಲ್ಪ ಎತ್ತಿ ಹಿಡೀರಿ," ಎಂದರು ವೀರಭದ್ರ. ಒಂಬತ್ತು ಹತ್ತು ತಿಂಗಳ ಮೇಲೆ ಆಡಿದ ಮೊದಲ ಮಾತು.

"ನಾನು ಎತ್ತೇ ಹಿಡಿದಿದೀನಿ ಕಣ್ರೀ, ನೀವು ಇಳಿಸ್ತಿದೀರ," ಎಂದರು ನನ್ನ ಗಂಡ.

ಜಗಳವೇ ಆದರೂ ನಾನು ನಡುವೆ ಇರಲಿಲ್ಲವಲ್ಲ. ಮೂರು ತಿಂಗಳು ಹೀಗೆ ಕುರ್ಚಿ ಹೊತ್ತ ಮೇಲೆ ಸ್ಟ್ಯಾನ್ಮೋರಿನ ಮಾತೂ ನಿಂತಿತು, ಅಕ್ಸ್‌ಬ್ರಿಡ್ಜಿನ ಮಾತೂ ನಿಂತಿತು. ಕೂಟ ಸಟನ್ನಿನಲ್ಲೇ ಉಳಿಯಿತು. ಆರನೆಯ ತಿಂಗಳಿಗೆ ಇಬ್ಬರಿಗೂ ನಾಚಿಕೆಯಾಗಿ, ಶೇಖರಪ್ಪನವರನ್ನು ವಾಪಸ್ಸು ಕರೆಯೋಣ ಎಂದರು. ಒಂದು ಭಾನುವಾರ ಮಧ್ಯಾಹ್ನ ಮೂವರೂ ಅವರ ಫ್ಲಾಟಿಗೆ ಹೋದೆವು. ಲಿಫ್ಟು ಕೆಟ್ಟಿತ್ತು.

ಗಂಡ ಹೆಂಡತಿ ಆಗತಾನೆ ಹೊರಗಿನಿಂದ ಬಂದಿದ್ದರು. ನಾಗವ್ವನವರು ಸೀರೆಯ ಮೇಲಿನ ಕೋಟು ತೆಗೆದವರೇ ಚಹಾಕ್ಕೆ ಇಟ್ಟು, ರೊಟ್ಟಿ ಪಲ್ಯ ತಂದು ನಮ್ಮ ಮುಂದಿಟ್ಟರು. ವೀರಭದ್ರ ಕ್ಷಮೆ ಕೇಳಿದರು. ನನ್ನ ಗಂಡನೂ ಕೇಳಿದರು. ಅವರು ಕ್ಷಮೆ ಕೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದು ಅದೊಂದು ಸಲ.

ಶೇಖರಪ್ಪನವರು ಎದ್ದು ಬಿಸ್ಕತ್ತಿನ ಡಬ್ಬಿ ತಂದು, ಅದರಿಂದ ಒಂದು ತುಂಡು ತೆಗೆದು ನನ್ನ ಮುಂದೆ ಹಿಡಿದರು. "ಇದು ನಿಮ್ಮ ಅಕ್ಷರ ಅಲ್ಲೇನ್ರಿ ಅಕ್ಕಾರ? ಕೂಟದ ನೋಟೀಸು ಎಷ್ಟು ಓದೀನಿ, ನನಗ ಗೊತ್ತಾಗಂಗಿಲ್ಲೇನು? ಉಳಿದವರು ಬರದದ್ದಕ್ಕ ನನಗ ಏನೂ ಅನಸಲಿಲ್ಲ. ನೀವು ಬರೀತೀರಿ ಅಂದ್ಕೊಂಡಿದ್ದಿಲ್ಲ."

ಕೊಟ್ಟ ಮಾತು ನೆನೆದು ನಾನು ತಟ್ಟೆಯ ರೊಟ್ಟಿ ಮುರಿದೆ. ನಾನು ನಿಜವಾಗಿ ಬರೆದದ್ದು ನನ್ನ ಗಂಡನ ಹೆಸರು, ಒಂದು ವರ್ಷ ಭಾನುವಾರ ಮನೆಯಲ್ಲಿದ್ದು ನನ್ನ ಕಡೆ ನೋಡಲಿ ಎಂದು. ಅದನ್ನೂ ಅಲ್ಲಿ ಹೇಳುವ ಹಾಗಿರಲಿಲ್ಲ.

"ಅಕ್ಕಾರನ ಯಾಕ ಅಂತೀರಿ?" ಒಲೆಯ ಮುಂದಿನಿಂದ ದನಿ ಬಂತು. "ಅದು ನಾ ಬರಸಿದ್ದು."

ಶೇಖರಪ್ಪನವರು ತಿರುಗಿ ನೋಡಿದರು. "ನೀನಾ? ಯಾಕ?"

"ಯಾಕ ಅಂದ್ರ," ನಾಗವ್ವನವರು ಚಹಾ ಸೋಸುತ್ತಲೇ ಹೇಳಿದರು, "ಹನ್ನೊಂದು ವರ್ಷ ಆತು ನಾ ಬಂದು. ನನ್ನ ಸಲುವಾಗಿ ಕೂಟ, ನನ್ನ ಸಲುವಾಗಿ ಕೂಟ ಅಂತ ಊರಿಗೆಲ್ಲಾ ಹೇಳಿದ್ರಿ. ಕೂಟದಾಗ ನಾ ಎಲ್ಲಿರತಿದ್ದೆ? ಒಲಿ ಮುಂದ. ನಕ್ಕದ್ದೂ ಪಾತ್ರಿ ತೊಳಿಯೋ ಮುಂದ. ಆ ರೋಮನ್ ಮಂದಿ ಏನು ಉಣ್ತಿದ್ರು ಅಂತ ಕಂಡವರನ್ನೆಲ್ಲಾ ಕೇಳ್ತೀರಿ. ನಾ ಉಂಡೆನೇನು ಅಂತ ಒಂದಿನಾ ಕೇಳೀರೇನು? ಈ ಆರು ತಿಂಗಳು ನಿಮ್ಮ ಐತವಾರ ನನಗ ಸಿಕ್ಕಾವು. ಥೇಮ್ಸ್ ಹೊಳಿ ನೋಡಿದೆ. ಟವರ್ ಹಿಲ್ಲಿನ್ಯಾಗ ಆ ರೋಮನ್ ಗ್ವಾಡಿ ನೋಡಿದೆ. ಆ ಇಟ್ಟಂಗಿ ಹೊತ್ತ ಮಂದಿಗೆ ರೊಟ್ಟಿ ಬಡದವರು ಯಾರು ಅಂತ ಕೇಳಿದ್ರ, ನಿಮಗ ಉತ್ತರ ಬರಲಿಲ್ಲ."

ನಾವು ಮೂವರೂ ತಟ್ಟೆಯಲ್ಲಿ ಕೈಯಿಟ್ಟವರು ಹಾಗೇ ಇದ್ದೆವು. ಅವರ ಮನೆಯ ರೊಟ್ಟಿಯನ್ನು ಎಷ್ಟು ವರ್ಷದಿಂದ ತಿಂದಿದ್ದೆವು ಎಂದು ನನಗೆ ಆಗ ಹೊಳೆಯಿತು.

ಶೇಖರಪ್ಪನವರು ಕೈಯಲ್ಲಿದ್ದ ತುಂಡನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು. ಆಮೇಲೆ ಜಗತ್ತಿಗೆಲ್ಲ ಪ್ರಶ್ನೆ ಹಾಕಿದ ಆ ಮನುಷ್ಯ ತಡವರಿಸಿಕೊಂಡು, ಮೆಲ್ಲಗೆ ಕೇಳಿದರು:

"ಉಂಡಿಯೇನು?"

"ಇನ್ನೂ ಇಲ್ರಿ."

ಅವರು ಎದ್ದರು. ಹೆಂಡತಿಯ ಕೈಯಿಂದ ಸೋಸುವ ಜಾಲರಿ ಕಸಿದುಕೊಂಡು, ತಾವು ಕೂತಿದ್ದ ಕುರ್ಚಿಯಲ್ಲಿ ಅವರನ್ನು ಕೂರಿಸಿದರು. ತಟ್ಟೆ ಹುಡುಕಲು ಎರಡು ಕಪಾಟು ತೆಗೆದು ನೋಡಬೇಕಾಯಿತು. ಬದನೆಕಾಯಿ ಪಲ್ಯ ಬಡಿಸಿದರು, ರೊಟ್ಟಿ ಹಾಕಿದರು, ಮೇಲೆ ಬೆಣ್ಣೆ ಇಟ್ಟರು. ನಾಗವ್ವನವರು ನಮ್ಮೆಲ್ಲರ ಮುಂದೆ, ಯಾವ ಸಂಕೋಚವೂ ಇಲ್ಲದೆ ಊಟ ಶುರುಮಾಡಿದರು.

ನನ್ನ ಗಂಡ ಗಂಟಲು ಸರಿಮಾಡಿಕೊಂಡರು. "ಹಾಗಾದರೆ ನಾಗವ್ವ, ಮುಂದಿನ ತಿಂಗಳಿಂದ ಇಬ್ಬರೂ ಬರ್ತೀರಲ್ವಾ? ನೀವು ಅಡುಗೆಮನೆಗೆ ಕಾಲಿಡೋ ಹಾಗಿಲ್ಲ. ಅದು ನಮ್ಮಗಳ ಜವಾಬ್ದಾರಿ."

ಉತ್ತರಕ್ಕೆ ಎಲ್ಲರೂ ಕಾದೆವು, ಶೇಖರಪ್ಪನವರೂ ಸೇರಿ. ನಾಗವ್ವನವರು ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ಅಗಿದು ನುಂಗಿದರು.

"ಒಂದು ವರ್ಷ ಅಂದಿದ್ರಿ," ಎಂದರು. "ಇನ್ನೂ ಆರು ತಿಂಗಳು ಐತ್ರಿ."